ಹತ್ತೊಂಬತ್ತು ಅಡ್ಡಗೆರೆಗಳು

ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಏಳೂವರೆಗೆ ನಾನು ಮೈಕ್ರೊಮೀಟರ್ ಒರೆಸುತ್ತೇನೆ. ಕೂದಲೆಳೆಯಷ್ಟು ದಪ್ಪವನ್ನೂ ಅಳೆಯುವ ಉಪಕರಣ ಅದು; ಅಳೆಯುವಂಥದ್ದು ಈಗ ನನ್ನ ಬಳಿ ಏನೂ ಇಲ್ಲ. ಅಂಬರನಾಥದ ಕಾರ್ಖಾನೆಯ ತಪಾಸಣೆ ವಿಭಾಗದಿಂದ ನಿವೃತ್ತನಾದ ದಿನ ಗೆಳೆಯರು ಅದನ್ನು ನೀಲಿ ಮಖಮಲ್ಲಿನ ಪೆಟ್ಟಿಗೆಯಲ್ಲಿ ಇಟ್ಟು ಕೊಟ್ಟರು. ಕೊಟ್ಟ ಮೇಲೆ ನೋಡಿಕೊಳ್ಳಬೇಕಲ್ಲ. ಎಣ್ಣೆಯ ಬಟ್ಟೆಯಿಂದ ಒರೆಸಿ, ಅದರ ಎರಡೂ ತುಟಿಗಳನ್ನು ಮೆಲ್ಲಗೆ ಕೂಡಿಸಿ, ಸೊನ್ನೆ ಸೊನ್ನೆಯಲ್ಲೇ ನಿಂತಿದೆಯೇ ಎಂದು ನೋಡುತ್ತೇನೆ. ನಿಂತಿರುತ್ತದೆ. ಮತ್ತೆ ಪೆಟ್ಟಿಗೆಯಲ್ಲಿಡುತ್ತೇನೆ. ಎಲ್ಲ ಸೇರಿ ಹನ್ನೆರಡು ನಿಮಿಷ.

ಹೋದ ತಿಂಗಳು ಹದಿನೈದು ನಿಮಿಷವಾಯಿತು. ಮಖಮಲ್ಲಿನ ಒಂದು ಮೂಲೆ ಎದ್ದಿತ್ತು. ಅಂಟಿಸೋಣವೆಂದು ಎತ್ತಿದರೆ ಅದರ ಕೆಳಗೆ ನಾಲ್ಕಾಗಿ ಮಡಚಿದ ಎರಡು ಚೀಟಿಗಳು. ನಾನೇ ಇಟ್ಟದ್ದು, ಇಟ್ಟದ್ದನ್ನು ಮರೆತಿದ್ದೆ. ಹೀಗೆ ಮರೆಯುವುದು ನನ್ನ ಪದ್ಧತಿಯಲ್ಲ, ಆದ್ದರಿಂದ ಸ್ವಲ್ಪ ಹೊತ್ತು ನನ್ನ ಮೇಲೇ ಸಿಟ್ಟು ಬಂತು. ಆಮೇಲೆ ಚೀಟಿ ಬಿಡಿಸಿ ಓದಿದೆ. ಸಿಟ್ಟು ಹೋಯಿತು.

ಅವು ನನ್ನ ಮಗಳು ಮಂದಾಕಿನಿಯ ಶಾಲಾ ಪ್ರವೇಶ ಪರೀಕ್ಷೆಯ ಅಂಕಗಳ ಚೀಟಿಗಳು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಮಂದಾಗೆ ಆಗ ಆರು ವರ್ಷ. ಮುಂಬಯಿ ಹತ್ತಿರದ ಡೊಂಬಿವಲಿಯ ಪೂರ್ವ ಭಾಗದಲ್ಲಿ, ನಮ್ಮ ಮನೆಯಿಂದ ಏಳು ನಿಮಿಷದ ದಾರಿಯಲ್ಲಿ, ಒಂದು ಖಾಸಗಿ ಇಂಗ್ಲಿಷ್ ಶಾಲೆ ತೆರೆದು ಎರಡು ವರ್ಷವಾಗಿತ್ತು. ಸೀಟು ಕಡಿಮೆ, ಮಕ್ಕಳು ಹೆಚ್ಚು. ಅದಕ್ಕೇ ಒಂದನೆಯ ಇಯತ್ತೆಗೂ, ಅಂದರೆ ಒಂದನೆಯ ತರಗತಿಗೂ, ಪರೀಕ್ಷೆ. ಅಲ್ಲಿ ಸಿಗದಿದ್ದರೆ ಉಳಿದದ್ದು ಪಶ್ಚಿಮದ ಶಾಲೆ. ಪಶ್ಚಿಮಕ್ಕೆ ಹೋಗುವುದೆಂದರೆ ರೈಲು ಹಳಿ ದಾಟುವುದು. ಸೇತುವೆ ಇತ್ತು ನಿಜ, ಆದರೆ ಬೆಳಗಿನ ಹೊತ್ತಿಗೆ ಅದರ ಮೇಲೆ ದೊಡ್ಡವರಿಗೇ ಕಾಲಿಡಲು ಜಾಗವಿರುತ್ತಿರಲಿಲ್ಲ, ಹಾಗಾಗಿ ಊರಿಗೆ ಊರೇ ಹಳಿಯ ಮೇಲೆ ನಡೆದು ದಾಟುತ್ತಿತ್ತು. ನನ್ನ ಹೆಂಡತಿ ಶಾಂತಾ ಒಂದೇ ಮಾತು ಹೇಳಿದ್ದಳು: "ಸಾಲಿ ಯಾವುದಾದರೂ ಆಗಲಿ, ಹಳಿ ದಾಟಿ ಮಾತ್ರ ನಾ ಕೂಸಿನ್ನ ಕಳಸೂದಿಲ್ಲ." ಕಳಿಸುವುದಿಲ್ಲ ಎಂದರೆ ಕಳಿಸುವುದಿಲ್ಲ. ಆದ್ದರಿಂದ ಮಂದಾ ಆ ಹೊಸ ಶಾಲೆಯ ಪರೀಕ್ಷೆ ದಾಟಲೇಬೇಕಿತ್ತು.

ಪರೀಕ್ಷೆಗೆ ಎರಡು ತಿಂಗಳಿರುವಾಗ ನಾನು ವೇಳಾಪಟ್ಟಿ ಹಾಕಿದೆ. ಬೆಳಿಗ್ಗೆ ಐದೂವರೆಗೆ ನಳದ ನೀರು, ಐದೂ ಐವತ್ತರಿಂದ ಆರೂ ಹತ್ತರವರೆಗೆ ಇಪ್ಪತ್ತು ಪ್ರಶ್ನೆ, ಆಮೇಲೆ ಸ್ನಾನ. ಏಳೂ ಹನ್ನೆರಡಕ್ಕೆ ನನ್ನ ರೈಲುಗಾಡಿ. ಊರಿನ ಗಂಡಸರೆಲ್ಲ ಮುಂಬಯಿಯ ಕಡೆ ನೇತಾಡಿಕೊಂಡು ಹೋಗುವಾಗ ನಾನು ಅಂಬರನಾಥದ ಕಡೆ ಕಿಟಕಿ ಪಕ್ಕ ಕೂತು ಹೋಗುತ್ತಿದ್ದೆ. ಈ ಒಂದು ಸುಖಕ್ಕಾಗಿಯೇ ಆ ಕಾರ್ಖಾನೆಯನ್ನು ಇಪ್ಪತ್ತೆಂಟು ವರ್ಷ ಬಿಡಲಿಲ್ಲ ಎಂದರೆ ನೀವು ನಂಬಬೇಕು.

ಪ್ರಶ್ನೆಗಳನ್ನು ನಾನೇ ಬರೆದಿದ್ದೆ. ಕಪ್ಪು ಹಕ್ಕಿ ಯಾವುದು, ಸೊಂಡಿಲು ಯಾರಿಗಿದೆ, ವಾರಕ್ಕೆ ಎಷ್ಟು ದಿನ. ಕನ್ನಡದಲ್ಲಿ ಒಮ್ಮೆ, ಮರಾಠಿಯಲ್ಲಿ ಒಮ್ಮೆ, ನನಗೆ ಬರುವಷ್ಟು ಇಂಗ್ಲಿಷಿನಲ್ಲಿ ಒಮ್ಮೆ. ಮಂದಾ ಮೂರರಲ್ಲೂ ಹೇಳುತ್ತಿದ್ದಳು. ಪ್ರತಿದಿನದ ಅಂಕಗಳನ್ನು ಗ್ರಾಫ್ ಹಾಳೆಯ ಮೇಲೆ ಚುಕ್ಕಿಯಿಟ್ಟು ಗೆರೆ ಕೂಡಿಸುತ್ತಿದ್ದೆ. ಎರಡನೆಯ ವಾರಕ್ಕೆ ಗೆರೆ ಇಪ್ಪತ್ತನ್ನು ಮುಟ್ಟಿತು, ಅಲ್ಲಿಂದ ಕದಲಲಿಲ್ಲ. ಗೋಡೆಗೆ ಅಂಟಿಸಿದ ಆ ಹಾಳೆಯನ್ನು ಪಕ್ಕದ ಮನೆಯ ಗಿರಿಜಕ್ಕ ಬಂದು ನೋಡಿದರು. ಅವರು ಕುಂದಾಪುರದ ಕಡೆಯವರು, ಯಜಮಾನರದ್ದು ಸ್ಟೇಷನ್ ಹತ್ತಿರ ಹೋಟೆಲು. ಅವರ ಮಗ ಪ್ರಕಾಶನೂ ಅದೇ ಪರೀಕ್ಷೆಗೆ ಕೂರುವವನಿದ್ದ.

"ಇದೆಂತ, ಜ್ವರದ ಚಾರ್ಟಾ?" ಎಂದರು.

ನಾನು ವಿವರಿಸಿದೆ. ಅವರು ಪೂರ್ತಿ ಕೇಳಿ, ತಮ್ಮ ಮಗನಿಗೆ ಹೀಗೆಲ್ಲ ಏನೂ ಮಾಡಿಲ್ಲ, ಅವನು ಹೋಟೆಲಿನ ಗಲ್ಲಾದ ಹತ್ತಿರ ಕೂತು ಬಂದವರ ಹತ್ತಿರವೆಲ್ಲ ಮಾತಾಡುತ್ತಾನೆ, ಅಷ್ಟೇ ಎಂದರು. ನನಗೆ ಪ್ರಕಾಶನ ಬಗ್ಗೆ ಮರುಕವಾಯಿತು.

ಇಲ್ಲಿ ನಮ್ಮ ಮನೆಯ ಒಂದು ನಿಯಮವನ್ನು ಹೇಳಬೇಕು. ಅದಕ್ಕಾಗಿ ಬಿಜಾಪುರಕ್ಕೆ ಹೋಗಿಬರಬೇಕು. ನಾನು ಬೆಳೆದದ್ದು ಅಲ್ಲಿಯ ಒಂದು ಉಚಿತ ಪ್ರಸಾದ ನಿಲಯದಲ್ಲಿ. ಬೇವಿನ ಮರಕ್ಕೆ ರೈಲು ಹಳಿಯ ತುಂಡೊಂದನ್ನು ನೇತುಹಾಕಿದ್ದರು, ಅದೇ ಗಂಟೆ. ಗಂಟೆಗೆ ಏಳುವುದು, ಗಂಟೆಗೆ ಮೀಯುವುದು, ಗಂಟೆಗೆ ತಟ್ಟೆ ಹಿಡಿದು ಸಾಲಾಗಿ ಕೂರುವುದು. ಊಟಕ್ಕೆ ಮುಂಚೆ ಮೇಲ್ವಿಚಾರಕರು, ನಾವೆಲ್ಲ ಅಯ್ಯನವರು ಎನ್ನುತ್ತಿದ್ದೆವು, ಯಾರನ್ನಾದರೂ ಒಂದು ಪ್ರಶ್ನೆ ಕೇಳುತ್ತಿದ್ದರು. ಪ್ರಶ್ನೆ ಬಂದವನು ಎದ್ದು ನಿಲ್ಲಬೇಕು, ಕೈ ಕಟ್ಟಬೇಕು, ಅವರ ಮುಖ ನೋಡಬೇಕು. ಅವರು "ಹೂಂ" ಎಂದ ಮೇಲೆ ಉತ್ತರ ಹೇಳಬೇಕು. ಹೂಂ ಬರುವ ಮುಂಚೆ ಬಾಯಿ ತೆರೆದವನ ತಟ್ಟೆಗೆ ರೊಟ್ಟಿ ಕೊನೆಗೆ ಬೀಳುತ್ತಿತ್ತು.

ಒಂದು ದಿನ ಅಯ್ಯನವರ ಹೆಗಲ ಮೇಲಿನ ಶಲ್ಯದ ಮೇಲೆ ಚೇಳು ಹತ್ತುತ್ತಿತ್ತು. ಕಂಡವನು ನಾನೊಬ್ಬನೇ. ನನಗೆ ಒಂಬತ್ತು ವರ್ಷ. ಎದ್ದು ನಿಂತೆ, ಕೈ ಕಟ್ಟಿದೆ, ಮುಖ ನೋಡಿದೆ. ಅವರು ಸ್ವಚ್ಛತೆಯ ಬಗ್ಗೆ ಮಾತಾಡುತ್ತಿದ್ದರು. ಮಾತು ಮುಗಿಯುವ ತನಕ ನನ್ನತ್ತ ನೋಡಲಿಲ್ಲ. ಚೇಳು ಕಿವಿಯಿಂದ ನಾಲ್ಕು ಬೆರಳು ದೂರ ಬಂದಾಗ ತಿರುಗಿ "ಹೂಂ" ಎಂದರು. "ಅಯ್ಯನವರೇ, ಚೇಳ ಅದ," ಎಂದೆ. ಅವರು ಶಲ್ಯವನ್ನು ಮೆಲ್ಲಗೆ ತೆಗೆದು ದೂರ ಕೊಡವಿ, ಶಿಸ್ತು ಅಂದರೆ ಇದು ಎಂದು ಎಲ್ಲರೆದುರು ನನ್ನ ಬೆನ್ನು ತಟ್ಟಿದರು. ಅವತ್ತು ಮೊದಲ ರೊಟ್ಟಿ ನನ್ನದು. ಆ ಕೈ ಬೆನ್ನ ಮೇಲಿಂದ ಎಷ್ಟೋ ವರ್ಷ ಇಳಿಯಲೇ ಇಲ್ಲ. ಅಯ್ಯನವರನ್ನು ಚೇಳು ಕಚ್ಚಿದ್ದರೆ ಏನಾಗುತ್ತಿತ್ತು ಎಂಬ ಯೋಚನೆ ನನಗೆ ಬಂದದ್ದು ನಲವತ್ತು ದಾಟಿದ ಮೇಲೆ.

ನನ್ನ ಮನೆಯಲ್ಲೂ ಅದೇ ನಿಯಮವಿತ್ತು. ನಾನು ಮೇಜಿನ ಮುಂದೆ ಕೂತು ಪ್ರಶ್ನೆ ಕೇಳಿದರೆ ಮಂದಾ ಎದ್ದು, ಕೈ ಕಟ್ಟಿ, ನನ್ನ ಮುಖ ನೋಡುತ್ತಿದ್ದಳು. ನಾನು ಹೂಂ ಎನ್ನುತ್ತಿದ್ದೆ. ಅವಳು ಹೇಳುತ್ತಿದ್ದಳು.

ಪರೀಕ್ಷೆ ಆಯಿತು. ಪಾಲಕರನ್ನು ಗೇಟಿನ ಹೊರಗೇ ನಿಲ್ಲಿಸಿದ್ದರು. ಹೇಗಾಯಿತು ಎಂದು ಕೇಳಿದ್ದಕ್ಕೆ ಮಂದಾ, ಬಾಯಿಯವರ ಹತ್ತಿರ ಚಂದದ ಪೆನ್ಸಿಲ್ ಇತ್ತು ಎಂದಳು. ಶಾಲೆಯ ಟೀಚರಿಗೆ ಅಲ್ಲಿ ಬಾಯಿ ಎನ್ನುತ್ತಾರೆ. ವಾರದ ಮೇಲೆ ಚೀಟಿ ಬಂತು. ಬರವಣಿಗೆ ನಲವತ್ತಕ್ಕೆ ಮೂವತ್ತೈದು. ಚಿತ್ರ ಮತ್ತು ಎಣಿಕೆ ಇಪ್ಪತ್ತಕ್ಕೆ ಹದಿನೇಳು. ಮಾತಿನ ಪರೀಕ್ಷೆ ನಲವತ್ತಕ್ಕೆ ಎರಡು. ಒಟ್ಟು ಐವತ್ತನಾಲ್ಕು. ಅರವತ್ತು ಬಂದವರಿಗೆ ಸೀಟು, ಐವತ್ತರ ಮೇಲಿನವರು ಕಾಯುವವರ ಪಟ್ಟಿಗೆ. ಪ್ರಕಾಶನಿಗೆ ಎಪ್ಪತ್ತೊಂದು.

ಗಿರಿಜಕ್ಕ ಒಂದು ಬಟ್ಟಲು ಪಾಯಸ ತಂದುಕೊಟ್ಟು, ಅಂಕದ ಮಾತೆತ್ತದೆ ಹೋದರು. ಎತ್ತಿದ್ದರೇ ಚೆನ್ನಾಗಿತ್ತು.

ನಾನು ಮಾಡಿದ ಮೊದಲ ಕೆಲಸ ಇಪ್ಪತ್ತು ಪ್ರಶ್ನೆಯನ್ನು ನಲವತ್ತು ಮಾಡಿದ್ದು. ಮಂದಾ ನಲವತ್ತಕ್ಕೂ ಸರಿಯಾಗಿ ಹೇಳಿದಳು. ಮಾರನೆಯ ದಿನವೂ. ಅದರ ಮಾರನೆಯ ದಿನ ಒಂದು ತಪ್ಪು ಮಾಡಿದಳು, ನಿದ್ದೆಗಣ್ಣಿನಲ್ಲಿ. ಶಾಂತಾ ಒಳಗಿನಿಂದ ಹಿಟ್ಟಿನ ಕೈಯಲ್ಲೇ ಬಂದಳು.

"ಅಲ್ರೀ, ಅದು ಆರು ವರ್ಷದ ಕೂಸು. ನಿಮ್ಮ ಕಾರ್ಖಾನಿ ಬೋಲ್ಟ ಅಲ್ಲ."

"ಬೋಲ್ಟಿಗೂ ಇಷ್ಟು ಕಾಳಜಿ ಮಾಡೂದಿಲ್ಲ ನಾನು," ಎಂದೆ.

"ಅದಕ್ಕೇ ಅವು ಛಲೋ ಇರತಾವ," ಎಂದು ಒಳಗೆ ಹೋದಳು.

ಕಿಟಕಿ ಪಕ್ಕ ಕೂತು ಅಂಬರನಾಥಕ್ಕೆ ಹೋಗುವಾಗ ಯೋಚಿಸಿದೆ. ಮನೆಯಲ್ಲಿ ನಲವತ್ತಕ್ಕೆ ನಲವತ್ತು, ಶಾಲೆಯಲ್ಲಿ ನಲವತ್ತಕ್ಕೆ ಎರಡು. ಒಂದೇ ವಸ್ತು ಎರಡು ಕಡೆ ಎರಡು ಅಳತೆ ತೋರಿಸಿದರೆ ತಪಾಸಣೆಯವನು ಏನೆನ್ನುತ್ತಾನೆ? ಒಂದು ಉಪಕರಣ ಕೆಟ್ಟಿದೆ ಎನ್ನುತ್ತಾನೆ. ಯಾವುದು ಕೆಟ್ಟಿದೆ ಎಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ. ಶನಿವಾರ ಅರ್ಧ ದಿನದ ರಜೆ ಹಾಕಿ, ಗೋಡೆಯ ಗ್ರಾಫನ್ನು ಬಿಡಿಸಿ ಸುತ್ತಿ ಬಗಲಲ್ಲಿಟ್ಟುಕೊಂಡು, ಮಂದಾಳ ಕೈ ಹಿಡಿದು ಶಾಲೆಗೆ ಹೋದೆ.

ಮಾತಿನ ಪರೀಕ್ಷೆ ಮಾಡಿದವರು ಸಾನೆ ಬಾಯಿ. ಐವತ್ತರ ಹತ್ತಿರದ ಹೆಂಗಸು, ಇಸ್ತ್ರಿ ಮಾಡಿದ ನೂಲಿನ ಸೀರೆ, ಮೇಜಿನ ಮೇಲೆ ಪೆನ್ಸಿಲುಗಳೆಲ್ಲ ಒಂದೇ ದಿಕ್ಕಿಗೆ. ನೋಡಿದ ಕೂಡಲೇ ಗೌರವ ಹುಟ್ಟಿತು, ಆದರೂ ಬಂದ ಕೆಲಸ ಬಿಡಲಿಲ್ಲ. ಗ್ರಾಫ್ ಬಿಡಿಸಿ, ಎರಡು ತಿಂಗಳ ಅಳತೆ ಇಲ್ಲಿದೆ, ನಿಮ್ಮ ಅಳತೆಯಲ್ಲಿ ದೋಷವಿದೆ ಎಂದು ಮರಾಠಿಯಲ್ಲಿ ಹೇಳಿದೆ. ಅವರು ಕನ್ನಡಕ ಹಾಕಿಕೊಂಡು ಗ್ರಾಫನ್ನು ಮೂಲೆಯಿಂದ ಮೂಲೆಗೆ ನೋಡಿದರು. ನಗಲಿಲ್ಲ. ಆಮೇಲೆ ನನ್ನ ಚೀಟಿ ಕೇಳಿ ಅದನ್ನು ತಿರುಗಿಸಿದರು.

ಚೀಟಿಗೆ ಹಿಂಬದಿ ಇತ್ತು. ನಾನು ನೋಡಿಯೇ ಇರಲಿಲ್ಲ. ಕಾರ್ಖಾನೆಯಲ್ಲಿ ಬರೀ ಒಟ್ಟು ಮೊತ್ತ ಬರೆದ ವರದಿಗೆ ಒಮ್ಮೆಯೂ ಸಹಿ ಹಾಕದವನು ನಾನು.

ಹಿಂಬದಿಯಲ್ಲಿ ಇಪ್ಪತ್ತು ಮನೆಗಳು, ಒಂದೊಂದು ಪ್ರಶ್ನೆಗೆ ಒಂದೊಂದು. ಒಂದರಲ್ಲಿ ಸರಿ ಗುರುತು. ಉಳಿದ ಹತ್ತೊಂಬತ್ತರಲ್ಲಿ ಚಿಕ್ಕ ಅಡ್ಡಗೆರೆ. ತಪ್ಪು ಉತ್ತರಕ್ಕೆ ತಾನು ಕತ್ತರಿ ಗುರುತು ಹಾಕುತ್ತೇನೆ, ಇಲ್ಲಿ ಅಂಥದ್ದು ಒಂದೂ ಇಲ್ಲ ನೋಡಿ ಎಂದರು ಸಾನೆ ಬಾಯಿ. ಅಡ್ಡಗೆರೆ ಎಂದರೆ ಹುಡುಗಿ ಬಾಯಿ ಬಿಡಲಿಲ್ಲ ಎಂದರ್ಥ. ತಪ್ಪು ಹೇಳಿದ ಮಗುವಿಗೂ ಅಲ್ಲಿ ಸೊನ್ನೆ, ಹೇಳದ ಮಗುವಿಗೂ ಸೊನ್ನೆ. ಕೂಡಿಸಿದರೆ ಎರಡೂ ಒಂದೇ. ಆದರೆ ಎರಡೂ ಒಂದೇ ಮಗುವಲ್ಲ, ಅದಕ್ಕೇ ತಾನು ಹಿಂಬದಿ ಬರೆಯುವುದು, ಪಾಲಕರು ಓದುವುದಿಲ್ಲ ಎಂದರು.

ಆ ಒಂದು ಸರಿ ಗುರುತು ಅವರಿಗೆ ಚೆನ್ನಾಗಿ ನೆನಪಿತ್ತು. ಕಪ್ಪು ಹಕ್ಕಿ ಯಾವುದು ಎಂದು ಕೇಳಿ ಕಾದರಂತೆ. ಹುಡುಗಿ ಕೈ ಕಟ್ಟಿ ಇವರ ಮುಖವನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಶಾಲೆಯ ಸಿಪಾಯಿ ಬಂದು ಚಹಾ ಇಲ್ಲೇ ಇಡಲೇ ಎಂದು ಕೇಳಿದ. ಇವರು ಅವನಿಗೆ ಹೂಂ ಎಂದರು. ತಕ್ಷಣ ಹುಡುಗಿ "ಕಾವಳಾ" ಎಂದಳು. ಕಾಗೆ. ಇವರು ಮೊದಲು ಕಿಟಕಿಯಲ್ಲಿ ಕಾಗೆ ಬಂದಿದೆಯೇನೋ ಎಂದು ನೋಡಿದರಂತೆ.

ನನಗೆ ಕುರ್ಚಿಯಲ್ಲಿ ಕೂರುವುದು ಸ್ವಲ್ಪ ಕಷ್ಟವಾಯಿತು.

ಮನೆಯಲ್ಲಿ ಹೇಗೆ ಕೇಳುತ್ತೀರಿ, ಇಲ್ಲೇ ಕೇಳಿ ಎಂದರು. ನಾನು, ಸೊಂಡಿಲು ಯಾರಿಗಿದೆ ಎಂದೆ. ಮಂದಾ ಎದ್ದಳು, ಕೈ ಕಟ್ಟಿದಳು, ನನ್ನ ಮುಖ ನೋಡಿದಳು. ನನ್ನ ಬಾಯಿಂದ ಹೂಂ ಹೊರಟಿತು, ನಾನು ಹೊರಡಿಸಿದ್ದಲ್ಲ. "ಆನೆ," ಎಂದಳು.

"ಆತಾ ಹೂಂ ಮ್ಹಣೂ ನಕಾ," ಎಂದರು ಸಾನೆ ಬಾಯಿ. ಈಗ ಹೂಂ ಅನ್ನಬೇಡಿ.

ವಾರಕ್ಕೆ ಎಷ್ಟು ದಿನ ಎಂದೆ, ಬಾಯಿ ಮುಚ್ಚಿದೆ. ಮಂದಾ ನನ್ನನ್ನು ನೋಡುತ್ತಾ ನಿಂತಳು. ಉತ್ತರ ಅವಳ ತುಟಿಯ ತನಕ ಬಂದು ನಿಂತದ್ದು ನನಗೆ ಕಾಣುತ್ತಿತ್ತು. ಗೋಡೆಯ ಗಡಿಯಾರದ ಸದ್ದು ಕೇಳಿಸಿತು. ದೂರದಲ್ಲಿ ಒಂದು ಗಾಡಿ ಹೋಯಿತು, ಅದು ಕಲ್ಯಾಣದ ಕಡೆಯದು ಎಂದುಕೊಂಡೆ. ಅವಳ ಕಣ್ಣು ತುಂಬತೊಡಗಿತು. ಸಾನೆ ಬಾಯಿ ಪೆನ್ಸಿಲ್ ತೆಗೆದುಕೊಂಡು ನನ್ನ ಗ್ರಾಫಿನ ಅಂಚಿನಲ್ಲಿ ಒಂದು ಚಿಕ್ಕ ಅಡ್ಡಗೆರೆ ಎಳೆದು, ಹಾಳೆಯನ್ನು ನನ್ನ ಕಡೆ ತಿರುಗಿಸಿದರು.

ಮೈಕ್ರೊಮೀಟರಿನಲ್ಲಿ ಝೀರೋ ಎರರ್ ಎಂದು ಒಂದಿದೆ. ಏನನ್ನೂ ಹಿಡಿಯದೆ ಬರೀ ತುಟಿ ಕೂಡಿಸಿದಾಗಲೂ ಗುರುತಿನ ಗೆರೆ ಸೊನ್ನೆಯಲ್ಲಿ ನಿಲ್ಲದೆ ಪಕ್ಕಕ್ಕೆ ಸರಿದಿರುತ್ತದೆ. ಅಂಥದ್ದರಿಂದ ಸಾವಿರ ಬೋಲ್ಟು ಅಳೆದರೂ ಸಾವಿರವೂ ತಪ್ಪು, ಎಲ್ಲವೂ ಒಂದೇ ಸಮನಾಗಿ ತಪ್ಪಾದ್ದರಿಂದ ಗೆರೆ ಮಾತ್ರ ಬಹಳ ನೇರವಾಗಿ ಬರುತ್ತದೆ. ನನ್ನ ಗ್ರಾಫಿನಂತೆ. ಅಳೆಯುವ ಮುಂಚೆ ಸೊನ್ನೆ ನೋಡಿ ಎಂದು ಹೊಸಬರಿಗೆ ದಿನಾ ಹೇಳುತ್ತಿದ್ದವನು ನಾನು.

ಕಾಯುವವರ ಪಟ್ಟಿಯಲ್ಲಿರುವ ಮಕ್ಕಳಿಗೆ ಹತ್ತು ದಿನ ಬಿಟ್ಟು ಮಾತಿನ ಪರೀಕ್ಷೆ ಇನ್ನೊಮ್ಮೆ ಇದೆ, ಪ್ರಶ್ನೆ ಬೇರೆ ಎಂದರು ಸಾನೆ ಬಾಯಿ. ಅಲ್ಲಿಯವರೆಗೆ ಪ್ರಶ್ನೆ ಕಲಿಸಬೇಡಿ, ಅದು ಅವಳಿಗೆ ಬರುತ್ತದೆ ಎಂದರು.

ಮನೆಗೆ ಬಂದು, ಇವತ್ತಿನಿಂದ ಹೂಂ ನಿಯಮ ರದ್ದು ಎಂದು ಸಾರಿದೆ. ಮಂದಾ ಎದ್ದು, ಕೈ ಕಟ್ಟಿ, ನನ್ನ ಮುಖ ನೋಡಿದಳು. ಏನೋ ಕೇಳುವುದಿತ್ತು. ನಾನು ಹೂಂ ಎಂದೆ. ಹಾಗಾದರೆ ಇನ್ನು ಮುಂದೆ ಯಾವಾಗ ಹೇಳಬೇಕು ಎಂದು ಕೇಳಿದಳು. ಶಾಂತಾ ಸೆರಗು ಬಾಯಿಗೆ ಹಿಡಿದು ಒಳಗೆ ಹೋದಳು.

ಮೂರು ದಿನ ಏನು ಮಾಡಿದರೂ ಆಗಲಿಲ್ಲ. ತಾಯಿಯ ಹತ್ತಿರ ಅವಳು ಮೊದಲಿನಿಂದಲೂ ಪಟಪಟ ಮಾತಾಡುತ್ತಿದ್ದಳು. ಶಾಂತಾ ಹೇಳುವಂತೆ, ಸುಮ್ಮನಿರಿಸುವುದೇ ಕಷ್ಟವಿತ್ತು. ಆದರೆ ಮೇಜು, ಪೆನ್ಸಿಲು, ಎದುರಿಗೆ ದೊಡ್ಡವರು, ಈ ಮೂರು ಕೂಡಿದರೆ ಸಾಕು, ಕೈ ತಾನಾಗಿ ಕಟ್ಟಿಕೊಳ್ಳುತ್ತಿತ್ತು. ಪಾಯಸದ ಬಟ್ಟಲು ಒಯ್ಯಲು ಬಂದ ಗಿರಿಜಕ್ಕ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದರು.

"ನೀವೊಮ್ಮೆ ಅಲ್ಲಿಂದ ಏಳಿ ಮಾರಾಯ್ರೇ. ಅವಳನ್ನು ಕುರ್ಚಿಯಲ್ಲಿ ಕೂರ್ಸಿ. ಅವಳೇ ಕೇಳಲಿ, ನೀವು ಹೇಳಿ."

ಹಾಗೆಯೇ ಮಾಡಿದೆವು. ನನ್ನ ಕುರ್ಚಿಯ ಮೇಲೆ ಎರಡು ದಿಂಬು ಇಟ್ಟು ಮಂದಾಳನ್ನು ಕೂರಿಸಿ, ಕೈಗೆ ಪೆನ್ಸಿಲ್ ಕೊಟ್ಟೆವು. ಇಪ್ಪತ್ತು ಮನೆ ಎಳೆದ ಹಾಳೆ ಮುಂದೆ. ಅವಳು ಬಹಳ ಹೊತ್ತು ಯೋಚಿಸಿ, "ಬೆಕ್ಕಿಗೆ ಎಷ್ಟ ಕಾಲು?" ಎಂದಳು.

ನೀವು ನಗಬಹುದು. ನಾನು ನಿಂತುಬಿಟ್ಟೆ. ನಾಲ್ಕು ಎಂಬುದು ತಲೆಯಲ್ಲಿತ್ತು. ಆದರೆ ನನ್ನ ಕೈಗಳು ಎದೆಯ ಮೇಲೆ ಕಟ್ಟಿಕೊಂಡಿದ್ದವು, ಕಣ್ಣು ಅವಳ ಮುಖದ ಮೇಲಿತ್ತು, ಮತ್ತು ಬಿಜಾಪುರದ ಬೇವಿನ ಮರದ ಕೆಳಗಿನ ಒಂದು ಹೂಂಗಾಗಿ ನಾನು ಕಾಯುತ್ತಿದ್ದೆ. ಮಂದಾ ಕಾದಳು. ಆಮೇಲೆ ಪೆನ್ಸಿಲನ್ನು ಎತ್ತಿ ಹಿಡಿದು ಹೇಳಿದಳು:

"ಅಪ್ಪಾ, ಗೆರಿ ಹಾಕತೇನಿ ನೋಡ್ರಿ."

ಹಾಕಿದಳು. ಎರಡನೆಯದಕ್ಕೂ ಹಾಕಿದಳು. ಮೂರನೆಯದಕ್ಕೆ ನಾನು ಬಾಯಿ ತೆರೆಯುವಷ್ಟರಲ್ಲಿ ಗೆರೆ ಬಿದ್ದಾಗಿತ್ತು. ಗಿರಿಜಕ್ಕ ಹೊಸ್ತಿಲ ಮೇಲೆ ಕೂತೇ ಬಿಟ್ಟರು. ಅವತ್ತು ನನಗೆ ನಲವತ್ತಕ್ಕೆ ಆರು ಬಂತು. ಹದಿನೇಳು ಅಡ್ಡಗೆರೆ. ಮಂದಾ ಅಷ್ಟು ನಕ್ಕದ್ದನ್ನು ನಾನು ಆ ಮೇಜಿನ ಮುಂದೆ ಎಂದೂ ಕಂಡಿರಲಿಲ್ಲ. "ಅಪ್ಪಾಗ ಏನೂ ಬರೂದಿಲ್ಲ," ಎಂದು ಅಡುಗೆಮನೆಗೆ ಓಡಿದಳು. ಬರುತ್ತದೆ, ಆದರೆ ಹೇಳುವುದಿಲ್ಲ ಎಂದು ಶಾಂತಾ ಹೇಳಿದ್ದು ನನಗೆ ಕೇಳಿಸಿತು.

ಮುಂದಿನ ಏಳು ದಿನ ಐದೂ ಐವತ್ತರಿಂದ ಆರೂ ಹತ್ತರವರೆಗೆ ಪರೀಕ್ಷೆ ನನ್ನದು. ವೇಳೆ ಬದಲಿಸಲಿಲ್ಲ, ಅದೊಂದು ನನ್ನಿಂದಾಗಲಿಲ್ಲ. ನಾನು ಹದಿನಾಲ್ಕಕ್ಕೆ ಬಂದೆ, ಇಪ್ಪತ್ತೆರಡಕ್ಕೆ ಬಂದೆ. ಐದನೆಯ ದಿನ ಅವಳ ಪ್ರಶ್ನೆ ಮುಗಿಯುವ ಮುಂಚೆಯೇ ಉತ್ತರ ಹೇಳಿ ಬೈಸಿಕೊಂಡೆ. ಆರನೆಯ ದಿನ ಅವಳು ಒಂದು ಪ್ರಶ್ನೆ ಕೇಳಿ, ನನಗೆ ಗೊತ್ತಾಗದೆ ತಡವರಿಸಿದಾಗ, ತಡೆಯಲಾರದೆ ತಾನೇ ಉತ್ತರ ಹೇಳಿಬಿಟ್ಟಳು. ಕುರ್ಚಿಯಲ್ಲಿ ಕೂತು, ಪೆನ್ಸಿಲ್ ಹಿಡಿದು, ನನ್ನ ಮುಖ ನೋಡದೆ. ನಾನು ಮತ್ತು ಶಾಂತಾ ಒಬ್ಬರನ್ನೊಬ್ಬರು ನೋಡಿಕೊಂಡೆವು.

ಎರಡನೆಯ ಪರೀಕ್ಷೆಯ ದಿನ ಪಾಲಕರನ್ನು ವರಾಂಡದ ತನಕ ಬಿಟ್ಟರು. ಬಾಗಿಲಲ್ಲಿ ಸಿಪಾಯಿ ಮಂದಾಳ ಹೆಸರು ಕೂಗಿದ. ಅವಳು ನನ್ನ ಕೈ ಬಿಟ್ಟಳು. ಒಳಗೆ ಹೋಗುವ ಮುಂಚೆ ನನ್ನ ಕಡೆ ಒಮ್ಮೆ ತಿರುಗಿ ನೋಡುತ್ತಾಳೆ, ಆಗ ಹೂಂ ಎಂದರೆ ತಪ್ಪಾಗಲಾರದು ಎಂದು ಸಿದ್ಧನಾಗಿ ನಿಂತಿದ್ದೆ. ಅವಳು ತಿರುಗಲಿಲ್ಲ. ಒಳಗಿನಿಂದ ಕುರ್ಚಿ ಸರಿದ ಸದ್ದು, ಸಾನೆ ಬಾಯಿಯ ದನಿ, ಅದು ಮುಗಿಯುವ ಮುಂಚೆಯೇ ಮಂದಾಳ ದನಿ. ವರಾಂಡದಲ್ಲಿ ನಾನೊಬ್ಬನೇ ಬಾಯಿ ಮುಚ್ಚಿ ನಿಂತಿದ್ದೆ.

ಎರಡನೆಯ ಚೀಟಿಯಲ್ಲಿ ಮಾತಿಗೆ ಮೂವತ್ತಾರು, ಒಟ್ಟು ಎಂಬತ್ತೆಂಟು. ಸೀಟು ಸಿಕ್ಕಿತು, ಹಳಿ ದಾಟುವುದು ತಪ್ಪಿತು, ಗಿರಿಜಕ್ಕ ಮತ್ತೆ ಪಾಯಸ ಮಾಡಿದರು ಮತ್ತು ಈ ಸಲ ಅಂಕದ ಮಾತನ್ನು ಇಡೀ ಕಟ್ಟಡಕ್ಕೆ ಕೇಳುವಂತೆ ಎತ್ತಿದರು. ಆದರೆ ನಾನು ಚೀಟಿ ಕೈಗೆ ಬಂದ ಕೂಡಲೇ ನೋಡಿದ್ದು ಹಿಂಬದಿಯನ್ನು. ಅಡ್ಡಗೆರೆ ಒಂದೂ ಇರಲಿಲ್ಲ. ಹದಿನೆಂಟು ಸರಿ, ಎರಡು ಕತ್ತರಿ. ತಪ್ಪನ್ನು ನೋಡಿ ಅಷ್ಟು ಸಂತೋಷಪಟ್ಟ ತಪಾಸಣೆಯವನು ಅಂಬರನಾಥದಲ್ಲಿ ಬೇರೆ ಇರಲಾರ.

ಆ ಎರಡು ತಪ್ಪು ಯಾವುವೆಂದು ಸಾನೆ ಬಾಯಿಯನ್ನು ಕೇಳಿ ಬರೆದಿಟ್ಟುಕೊಂಡಿದ್ದೇನೆ, ಚೀಟಿಯ ಅಂಚಿನಲ್ಲೇ. ಹಾಲು ಎಲ್ಲಿಂದ ಬರುತ್ತದೆ ಎಂಬುದಕ್ಕೆ ಮಂದಾ ಹೇಳಿದ್ದು, ಹಾಲಿನ ಕೇಂದ್ರದಿಂದ. ಆಕಳು ಎನ್ನಬೇಕಿತ್ತು; ಕತ್ತರಿ ನ್ಯಾಯವೇ. ಮನೆಯಲ್ಲಿ ಎಲ್ಲರಿಗಿಂತ ದೊಡ್ಡವರು ಯಾರು ಎಂಬುದಕ್ಕೆ ಹೇಳಿದ್ದು, ಅವ್ವ. ಸರಿಯುತ್ತರಗಳ ಪಟ್ಟಿಯಲ್ಲಿ ತಂದೆ ಎಂದಿತ್ತಂತೆ. ಆ ಒಂದು ಕತ್ತರಿ ಮಾತ್ರ ಸರಿಯಲ್ಲ ಎಂದು ನಾನು ಈಗಲೂ ಹೇಳುತ್ತೇನೆ, ಯಾರೂ ಹೂಂ ಅನ್ನದಿದ್ದರೂ.